ಎಳೆಯ ಮಕ್ಕಳಿಗೆ ಮನೆಯಲ್ಲೇ ಮಾತು ಕಲಿಸುವ ಕ್ರಮ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆಯ ತಂದೆತಾಯಿಯರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಎರಡು ವರ್ಷ ತುಂಬಿತು, ದಿನವೂ ಕೂರಿಸಿಕೊಂಡು ಹೇಳಿಕೊಡುತ್ತೇವೆ, ಆದರೂ ಮಗು ಬಾಯಿ ಬಿಡುವುದಿಲ್ಲ, ಏನು ಮಾಡಬೇಕು?" ವಿಚಾರಿಸಿದರೆ ಹೇಳಿಕೊಡುವ ರೀತಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು "ಅಮ್ಮ ಅನ್ನು, ಅಪ್ಪ ಅನ್ನು, ಆಪಲ್ ಅನ್ನು" ಎಂದು ಒತ್ತಾಯಿಸುತ್ತಾರೆ, ಅನ್ನದಿದ್ದರೆ ಗದರುತ್ತಾರೆ, ಅತ್ತರೆ ಸುಮ್ಮನಾಗಲೆಂದು ಕೈಗೆ ಮೊಬೈಲ್ ಕೊಡುತ್ತಾರೆ. ಶ್ರಮಕ್ಕೆ ಇಲ್ಲಿ ಕೊರತೆಯಿಲ್ಲ, ಕ್ರಮ ಮಾತ್ರ ತಲೆಕೆಳಗಾಗಿದೆ. ಬಾಯಿಂದ ಹೇಳಿಸುವುದು ಕೊನೆಗೆ ತಾನಾಗಿ ಆಗಬೇಕಾದ ಕೆಲಸ. ಅದಕ್ಕೆ ಮೊದಲು ಮಗುವಿಗೆ ಸರಿಯಾಗಿ ಕೇಳಿಸಬೇಕು, ಕೇಳಿದ್ದು ಅರ್ಥವಾಗಬೇಕು, ಹೇಳುವ ಅಗತ್ಯ ಹುಟ್ಟಬೇಕು, ಹೇಳಲು ಬಿಡುವು ಸಿಗಬೇಕು.

ಕೆಳಗಿನ ಹಂತಗಳು ಸುಮಾರು ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತವೆ. ಇವುಗಳನ್ನು ಬರೆದಿರುವ ಅನುಕ್ರಮದಲ್ಲೇ ಮಾಡಬೇಕು, ಅದರಲ್ಲೂ ಮೊದಲ ಎರಡು ಹಂತಗಳನ್ನು ಯಾವ ಕಾರಣಕ್ಕೂ ಹಾರಿಸಬಾರದು.

ಮೊದಲು ಬೇಕಾದ ಸಾಮಾನು

ಅಂಗಡಿಯಿಂದ ತರಬೇಕಾದದ್ದು ಬಹಳ ಕಡಿಮೆ. ಒಂದು ನೋಟ್‌ಪುಸ್ತಕ, ದಪ್ಪ ಹಾಳೆಯ ಒಂದೆರಡು ಚಿತ್ರಪುಸ್ತಕ, ಮನೆಯವರ ಫೋಟೊಗಳಿರುವ ಆಲ್ಬಮ್, ಮಗುವಿಗೆ ತಾನಾಗಿ ತೆರೆಯಲಾಗದಷ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಂದು ಚೆಂಡು ಇದ್ದರೆ ಸಾಕು. ಗರ್ಭಿಣಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡನ್ನೂ ಹುಡುಕಿಟ್ಟುಕೊಳ್ಳಿ, ಹೆರಿಗೆಯ ವಿವರಗಳು ಮುಂದೆ ಬೇಕಾಗುತ್ತವೆ. ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರ ಹಾಡುವ ಆಟಿಕೆಗಳನ್ನು ಕೊಳ್ಳಬೇಡಿ. ಅಂತಹ ಆಟಿಕೆ ತಾನೇ ಮಾತಾಡುತ್ತದೆ, ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ.

ಹಂತ 1: ಕಿವಿಯನ್ನು ಪರೀಕ್ಷಿಸಿ

ಮಾತು ತಡವಾದ ಪ್ರತಿಯೊಂದು ಮಗುವಿಗೂ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಮನೆಯವರು ಸಾಮಾನ್ಯವಾಗಿ ಹಿಂದಿನಿಂದ ಪಾತ್ರೆ ಬಡಿದು, ಮಗು ಬೆಚ್ಚಿದರೆ "ಕಿವಿ ಚೆನ್ನಾಗಿಯೇ ಇದೆ" ಎಂದು ತೀರ್ಮಾನಿಸುತ್ತಾರೆ. ಇಡೀ ಪ್ರಯತ್ನವನ್ನು ದಾರಿ ತಪ್ಪಿಸುವ ಮೊದಲ ತಪ್ಪು ಇದು. ಭಾಗಶಃ ಕಿವುಡುತನವಿರುವ ಮಗುವಿಗೂ ಪಾತ್ರೆಯ ಸದ್ದು, ಪಟಾಕಿ, ಲಾರಿಯ ಹಾರ್ನ್ ಕೇಳಿಸುತ್ತವೆ. ಕೇಳಿಸದೇ ಹೋಗುವುದು "ಸ", "ತ", "ಕ" ದಂತಹ ಮೆಲುದನಿಯ ವ್ಯಂಜನಗಳು, ಪದದ ಕೊನೆಯಲ್ಲಿ ಇಳಿದುಹೋಗುವ ಪ್ರತ್ಯಯಗಳು. ಚಪ್ಪಾಳೆ ತಟ್ಟಿದಾಗ ಮಗು ತಿರುಗಿದ್ದು ಗಾಳಿಯ ಅಲುಗಾಟಕ್ಕೋ, ನೆರಳಿಗೋ ಇರಬಹುದು.

ಮನೆಯಲ್ಲಿ ಗಮನಿಸುವುದಾದರೆ ಟಿವಿ, ಫ್ಯಾನ್, ಮಿಕ್ಸಿ ಎಲ್ಲವನ್ನೂ ನಿಲ್ಲಿಸಿ, ಮಗು ಆಟದಲ್ಲಿರುವಾಗ ಅದರ ಕಣ್ಣಿಗೆ ಬೀಳದಂತೆ ಪಕ್ಕದಲ್ಲಿ ಕುಳಿತು ಮೆಲ್ಲನೆ ಹೆಸರು ಕರೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪಕ್ಕದಿಂದ ಬಿಸ್ಕತ್ತಿನ ಪೊಟ್ಟಣವನ್ನು ಸಣ್ಣಗೆ ಸರಸರ ಎನಿಸಿ. ಎರಡು ಮೂರು ಸಲವೂ ತಿರುಗದಿದ್ದರೆ ಒಂದು ವಾರವೂ ಕಾಯಬೇಡಿ. ತಿರುಗಿದರೂ ಅದನ್ನು ಪ್ರಮಾಣಪತ್ರವೆಂದು ಭಾವಿಸಬೇಡಿ, ಕಿವಿ ಸರಿ ಇದೆ ಎಂದು ಹೇಳುವ ಅಧಿಕಾರ ಶ್ರವಣ ತಜ್ಞರದು. ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಮಾಡುವ ಒ.ಎ.ಇ. ಎಂಬ ಶ್ರವಣ ಪರೀಕ್ಷೆಯಲ್ಲಿ ಪಾಸಾಗಿದ್ದ ಮಗುವಿಗೂ ಮುಂದೆ ಶ್ರವಣದೋಷ ಬರಬಹುದು. ಹುಟ್ಟಿದಾಗ ತೀವ್ರ ಕಾಮಾಲೆಯಾಗಿದ್ದರೆ, ತೀವ್ರ ನಿಗಾ ಘಟಕದಲ್ಲಿ ಇಟ್ಟಿದ್ದರೆ, ಮಿದುಳುಜ್ವರ ಬಂದಿದ್ದರೆ, ಮನೆತನದಲ್ಲಿ ಕಿವುಡುತನವಿದ್ದರೆ, ಸೋದರಮಾವ ಅಥವಾ ಅತ್ತೆಯ ಮಗನಂತಹ ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಸಕಲೇಶಪುರ, ಮೂಡಿಗೆರೆ, ಕೊಪ್ಪದಂತಹ ಮಳೆಸೀಮೆಯಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಗಡಿ ಬಿಡದೆ ಕಾಡುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ತುಂಬಿ, ನೋವಿಲ್ಲದೆ, ಸೋರಿಕೆಯೂ ಇಲ್ಲದೆ, ತಿಂಗಳುಗಟ್ಟಲೆ ಮಂದವಾಗಿ ಕೇಳಿಸುವುದುಂಟು. ಒಂದು ದಿನ ಕರೆದರೆ ತಿರುಗುವ ಮಗು ಇನ್ನೊಂದು ದಿನ ತಿರುಗುವುದಿಲ್ಲ, ಮನೆಯವರು "ಹಟ" ಎನ್ನುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ, ಆದರೆ ಕಿವಿ, ಮೂಗು, ಗಂಟಲು ತಜ್ಞರು ನೋಡಿದ ಮೇಲೆ. ಬಿಸಿ ಎಣ್ಣೆಯನ್ನಾಗಲಿ ಬೆಳ್ಳುಳ್ಳಿ ರಸವನ್ನಾಗಲಿ ಕಿವಿಗೆ ಬಿಡಬಾರದು.

ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವ ರೂಢಿ ನಮ್ಮ ಕಡೆ ಈಗಲೂ ಇದೆ. ಅದರಿಂದ ಮಾತು ಬರುವುದಿಲ್ಲ, ಪ್ರಮಾಣ ಹೆಚ್ಚಾದರೆ ವಾಂತಿಯಾಗುತ್ತದೆ. ಒಂದು ವರ್ಷದೊಳಗಿನ ಮಗುವಿನ ನಾಲಿಗೆಗೆ ಜೇನು ಸವರುವುದು ಇನ್ನೂ ಅಪಾಯಕಾರಿ, ಏಕೆಂದರೆ ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾ ಅಷ್ಟು ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ವಿಷಬಾಧೆಯನ್ನು ಉಂಟುಮಾಡಬಲ್ಲದು. ನಾಲಿಗೆಯ ಅಡಿಯ ದಾರ ಬಿಗಿಯಾಗಿದ್ದರೆ ಹಾಲು ಕುಡಿಯಲು ತೊಂದರೆಯಾಗಬಹುದು, ಕೆಲವು ಅಕ್ಷರಗಳ ಉಚ್ಚಾರಣೆ ಕೆಡಬಹುದು, ಆದರೆ ಪದಗಳೇ ಬಾರದಿರುವುದಕ್ಕೆ ಸಾಮಾನ್ಯವಾಗಿ ಅದು ಕಾರಣವಲ್ಲ.

ಹಂತ 2: ಮನೆಯ ಸದ್ದನ್ನು ಇಳಿಸಿ, ಪರದೆಯನ್ನು ತೆಗೆಯಿರಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮಾತು ತಡವಾಗಿರುವ ಮಗುವಿನ ಮಟ್ಟಿಗೆ, ಕೆಲವು ತಿಂಗಳು ಆ ಒಂದು ಗಂಟೆಯೂ ಬೇಡವೆಂಬುದು ನನ್ನ ಅಭಿಪ್ರಾಯ. ಮಗು ನೋಡದಿದ್ದರೂ ಹಜಾರದಲ್ಲಿ ಓಡುತ್ತಲೇ ಇರುವ ಧಾರಾವಾಹಿ ಕೂಡ ಲೆಕ್ಕಕ್ಕೆ ಬರುತ್ತದೆ, ಅದು ಓಡುವಷ್ಟು ಹೊತ್ತು ದೊಡ್ಡವರು ಮಗುವಿನೊಂದಿಗೆ ಮಾತಾಡುವುದು ಕಡಿಮೆಯಾಗುತ್ತದೆ.

ಇಲ್ಲಿ ತಪ್ಪದೆ ಎದುರಾಗುವ ವಾದವೊಂದಿದೆ: "ಮೊಬೈಲ್ ನೋಡಿಯೇ ನಮ್ಮ ಹುಡುಗ ಎ ಬಿ ಸಿ ಪೂರ್ತಿ ಹೇಳುತ್ತಾನೆ." ಇಪ್ಪತ್ತಾರು ಅಕ್ಷರ ಒಪ್ಪಿಸುವ ಮಗು ಬಾಯಾರಿದಾಗ "ನೀರು" ಎಂದು ಕೇಳುತ್ತದೆಯೇ ಎಂದು ನೋಡಿ. ಕೇಳದಿದ್ದರೆ ಅದು ಸದ್ದನ್ನು ಕಂಠಪಾಠ ಮಾಡಿದೆಯೇ ಹೊರತು ಭಾಷೆಯನ್ನು ಬಳಸುತ್ತಿಲ್ಲ. ಇದನ್ನು ಜಾಣತನವೆಂದು ಹಿಗ್ಗುವ ಬದಲು ಎಚ್ಚರಿಕೆಯ ಸೂಚನೆಯೆಂದು ಬರೆದಿಟ್ಟುಕೊಳ್ಳಿ.

ನಿಲ್ಲಿಸುವುದಾದರೆ ಮನೆಯ ಎಲ್ಲರೂ ಒಟ್ಟಿಗೆ ಒಪ್ಪಿ ನಿಲ್ಲಿಸಬೇಕು. ಅಮ್ಮ ಕಿತ್ತುಕೊಂಡು ಅಜ್ಜ ಗುಟ್ಟಾಗಿ ಕೊಟ್ಟರೆ ಅಳು ಮಾತ್ರ ಬೆಳೆಯುತ್ತದೆ. ಮೊದಲ ಕೆಲವು ದಿನ ರಂಪ ಹೆಚ್ಚುತ್ತದೆ, ಊಟದ ಹೊತ್ತು ಎಲ್ಲಕ್ಕಿಂತ ಕಷ್ಟ. ಮಗು ಎರಡು ತುತ್ತು ಕಡಿಮೆ ತಿಂದರೂ ಚಿಂತೆಯಿಲ್ಲವೆಂದು ಗಟ್ಟಿ ಮನಸ್ಸು ಮಾಡಿ. ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಅಪ್ಪನ ವಿಡಿಯೊ ಕರೆಗೆ ಈ ನಿರ್ಬಂಧವಿಲ್ಲ, ಅಲ್ಲಿ ಆ ಬದಿಯಿಂದ ಉತ್ತರ ಬರುತ್ತದೆ. ಆದರೆ ಕರೆಯ ಹೊತ್ತಿನಲ್ಲಿ ದೊಡ್ಡವರೊಬ್ಬರು ಮಗುವಿನ ಪಕ್ಕದಲ್ಲೇ ಇರಬೇಕು.

ಹಂತ 3: ಅರ್ಥವಾಗುವುದನ್ನು ಖಚಿತಪಡಿಸಿಕೊಳ್ಳಿ

ಮಗು ಒಂದು ಪದವನ್ನು ಹೇಳುವುದಕ್ಕೆ ಬಹಳ ಮುಂಚೆಯೇ ಅದನ್ನು ಅರ್ಥ ಮಾಡಿಕೊಂಡಿರುತ್ತದೆ. ಹಾಗಾಗಿ "ಏನು ಹೇಳುತ್ತದೆ" ಎಂಬ ಪಟ್ಟಿಗಿಂತ ಮೊದಲು "ಏನು ತಿಳಿಯುತ್ತದೆ" ಎಂಬ ಪಟ್ಟಿಯನ್ನು ನೋಟ್‌ಪುಸ್ತಕದಲ್ಲಿ ಮಾಡಿಕೊಳ್ಳಿ.

ಪರೀಕ್ಷಿಸುವಾಗ ಆಗುವ ತಪ್ಪು ಬಹಳ ಸೂಕ್ಷ್ಮವಾದದ್ದು. "ಚಪ್ಪಲಿ ತಗೊಂಬಾ" ಎನ್ನುವಾಗ ನಮ್ಮ ಕಣ್ಣು ನಮಗೇ ತಿಳಿಯದಂತೆ ಬಾಗಿಲ ಬಳಿಯ ಚಪ್ಪಲಿಯತ್ತ ಹೊರಳುತ್ತದೆ, ಕೈ ಅರ್ಧ ಎದ್ದಿರುತ್ತದೆ. ಮಗು ನಮ್ಮ ಕಣ್ಣನ್ನು ಹಿಂಬಾಲಿಸಿ ಚಪ್ಪಲಿ ತರುತ್ತದೆ, ನಾವು ಮಾತು ಅರ್ಥವಾಯಿತೆಂದು ಬರೆದುಕೊಳ್ಳುತ್ತೇವೆ. ಕೈ ಕಟ್ಟಿಕೊಂಡು, ಮಗುವಿನ ಮುಖವನ್ನೇ ನೋಡುತ್ತಾ, ಚಪ್ಪಲಿಯ ಜೊತೆಗೆ ಚೆಂಡು, ಚೊಂಬೂ ಇರುವಾಗ ಹೇಳಿ ನೋಡಿ.

ಅರ್ಥವಾಗುವುದು ಕಡಿಮೆಯಿದ್ದರೆ ಕೆಲವು ವಾರ ಏನನ್ನೂ ಹೇಳಿಸಬೇಡಿ, ಮಾಡುವ ಕೆಲಸಕ್ಕೆ ಮಾತು ಕೂಡಿಸುತ್ತಾ ಹೋಗಿ. ಅಕ್ಕಿರೊಟ್ಟಿ ತಟ್ಟುವಾಗ "ಹಿಟ್ಟು ತಟ್ಟಿದೆ. ಎಣ್ಣೆ ಹಾಕಿದೆ. ಬಿಸಿ ಇದೆ" ಎಂದು ಚಿಕ್ಕ ಚಿಕ್ಕ ಪೂರ್ಣ ವಾಕ್ಯಗಳಲ್ಲಿ, ಮಗು ನೋಡುತ್ತಿರುವ ವಸ್ತುವಿನ ಬಗ್ಗೆಯೇ ಹೇಳಿ. ಮಗು ನಾಯಿಯನ್ನು ನೋಡುತ್ತಿರುವಾಗ ನೀವು ಹೂವಿನ ಬಗ್ಗೆ ಹೇಳಿದರೆ ಎರಡೂ ದಕ್ಕುವುದಿಲ್ಲ.

ಹಂತ 4: ಮುಖದ ಮಟ್ಟಕ್ಕೆ ಇಳಿಯಿರಿ, ಆಮೇಲೆ ಕಾಯಿರಿ

ಸೋಲು ಹೆಚ್ಚಾಗಿ ಆಗುವುದು ಇಲ್ಲೇ. ದೊಡ್ಡವರಿಗೆ ಮಾತಾಡಲು ಬರುತ್ತದೆ, ಸುಮ್ಮನಿರಲು ಬರುವುದಿಲ್ಲ. ಕೇಳಿದ ಒಂದೇ ಕ್ಷಣದಲ್ಲಿ ತಾವೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ. ಎಳೆಯ ಮಗುವಿಗೆ ಕೇಳಿದ್ದನ್ನು ಗ್ರಹಿಸಿ ಪ್ರತಿಕ್ರಿಯಿಸಲು ಐದರಿಂದ ಹತ್ತು ಸೆಕೆಂಡು ಬೇಕಾಗುತ್ತದೆ. ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ ನೋಡಿದರೆ ಅದೆಷ್ಟು ದೀರ್ಘವೆಂದು ತಿಳಿಯುತ್ತದೆ.

ಅಭ್ಯಾಸಕ್ಕೆ ಬಚ್ಚಲುಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹಂಡೆಯಿಂದ ತೋಡಿ ಹದ ಮಾಡಿದ ನೀರನ್ನು ಒಂದು ಚೊಂಬು ಹುಯ್ಯಿರಿ, "ನೀರು ಹಾಕು!" ಎನ್ನಿ. ಎರಡನೆಯ ಚೊಂಬಿಗೂ ಹಾಗೆಯೇ. ಮೂರನೆಯ ಚೊಂಬನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲಿಸಿ, ಬಾಯಿ ಮುಚ್ಚಿಕೊಂಡು, ನಗುಮುಖದಿಂದ ಮಗುವನ್ನೇ ನೋಡಿ. ಮಗು ಮೊದಲು ಚೊಂಬನ್ನು ನೋಡುತ್ತದೆ, ಆಮೇಲೆ ನಿಮ್ಮ ಕಣ್ಣನ್ನು ನೋಡುತ್ತದೆ, ಭುಜ ಮೇಲೆತ್ತುತ್ತದೆ, ಕೈ ಚಾಚುತ್ತದೆ, ಇಲ್ಲವೇ "ಉಂ" ಎನ್ನುತ್ತದೆ. ಆ ನೋಟ, ಆ "ಉಂ" ಎರಡೂ ಮಾತೇ. ತಕ್ಷಣ "ಹಾಕು! ನೀರು ಹಾಕು!" ಎಂದು ಹೇಳುತ್ತಾ ಸುರಿಯಿರಿ. "ಹಾಕು ಅಂದರೆ ಮಾತ್ರ ಹಾಕುತ್ತೇನೆ" ಎಂದು ಹಿಡಿದಿಟ್ಟುಕೊಳ್ಳಬೇಡಿ. ಮಲೆನಾಡಿನ ಚಳಿಯಲ್ಲಿ ಒದ್ದೆ ಮಗುವನ್ನು ನಡುಗಿಸಿ ಮಾತು ಕಲಿಸುವ ಅಗತ್ಯವಿಲ್ಲ.

ಬಿಗಿ ಮುಚ್ಚಳದ ಡಬ್ಬಿಯ ಉಪಯೋಗವೂ ಇದೇ. ಮಗು ನೋಡುತ್ತಿರುವಾಗಲೇ ಅದಕ್ಕೆ ಇಷ್ಟವಾದದ್ದನ್ನು ಒಳಗೆ ಹಾಕಿ ಮುಚ್ಚಿ ಕೈಗೆ ಕೊಡಿ. ತೆರೆಯಲಾಗದೆ ನಿಮ್ಮತ್ತ ಚಾಚಿದಾಗ "ತೆಗಿ" ಎಂಬ ಪದವನ್ನು ನೀವೇ ಹೇಳಿ ತೆಗೆದುಕೊಡಿ. ಈ ಉಪಾಯ ಒಮ್ಮೆ ಕೂತಾಗ ಎರಡು ಮೂರು ಸಲ ಮಾತ್ರ, ಅಳು ಬರುವ ಮೊದಲೇ ನಿಲ್ಲಿಸಬೇಕು.

ಕೂಡುಕುಟುಂಬದಲ್ಲಿ ಬರುವ ತೊಡಕು ಪ್ರೀತಿಯದೇ. ಮಗು ಹೊರಳಿ ನೋಡುವುದರೊಳಗೆ ಅಜ್ಜಿ ಹಾಲಿನ ಲೋಟ ಹಿಡಿದು ನಿಂತಿರುತ್ತಾರೆ, ಅಕ್ಕ "ಅವನಿಗೆ ಬಾಲು ಬೇಕಂತೆ" ಎಂದು ತಮ್ಮನ ಪರವಾಗಿ ಹೇಳಿಬಿಡುತ್ತಾಳೆ. ಕೇಳುವ ಮೊದಲೇ ಎಲ್ಲವೂ ಸಿಗುವ ಮನೆಯಲ್ಲಿ ಮಾತಿಗೆ ಕೆಲಸವಿಲ್ಲ. ಅಜ್ಜಿಗೆ "ಕೊಡಬೇಡಿ" ಎಂದರೆ ನೋಯುತ್ತಾರೆ, "ಹತ್ತು ಎಣಿಸಿ ಕೊಡಿ" ಎಂದರೆ ಒಪ್ಪುತ್ತಾರೆ.

ಹಂತ 5: ಮೊದಲ ಹತ್ತು ಪದಗಳನ್ನು ಆರಿಸಿಕೊಳ್ಳಿ

ಬಣ್ಣ, ಹಣ್ಣು, ಅಂಕಿ ಇವುಗಳಿಂದ ಆರಂಭಿಸಬೇಡಿ. "ರೆಡ್" ಎಂದು ಹೇಳಿದರೆ ಮಗುವಿಗೆ ಏನೂ ಸಿಗುವುದಿಲ್ಲ, "ಕೊಡು" ಎಂದರೆ ಕೈಗೆ ಏನಾದರೂ ಬರುತ್ತದೆ. ಬಾ, ಕೊಡು, ಬೇಡ, ಬೇಕು, ಇನ್ನೂ, ಎತ್ಕೊ, ತೆಗಿ, ಆಯ್ತು, ನೀರು, ಜೊತೆಗೆ ಮನೆಯಲ್ಲಿ ಮಗುವಿಗೆ ಅತಿ ಹತ್ತಿರದವರ ಹೆಸರು ಅಥವಾ ಸಂಬಂಧದ ಪದ, ಇಷ್ಟು ಸಾಕು. "ಬೇಡ" ಎಂಬುದನ್ನು ಬಿಡಬಾರದು. ಬೇಡ ಎನ್ನಲು ಬಾರದ ಮಗು ಕಚ್ಚುತ್ತದೆ, ಎಸೆಯುತ್ತದೆ.

ಪ, ಬ, ಮ, ತ, ದ, ನ ಮೊದಲಾದ ಧ್ವನಿಗಳು ಬೇಗ ಬರುತ್ತವೆ. ರ, ಳ, ಷ ಹಾಗೂ ಒತ್ತಕ್ಷರದ ಗುಂಪುಗಳು ತಡವಾಗಿ ಬರುತ್ತವೆ. ಆದ್ದರಿಂದ "ನೀರು" ಎಂಬುದು "ನೀಯು" ಆದರೂ, "ಕಾಗೆ" ಎಂಬುದು "ತಾದೆ" ಆದರೂ ಒಪ್ಪಿಕೊಳ್ಳಿ. "ಹಾಗಲ್ಲ, ಸರಿಯಾಗಿ ಹೇಳು" ಎನ್ನದೆ, "ಹೌದು, ಕಾಗೆ!" ಎಂದು ಸರಿಯಾದ ರೂಪವನ್ನು ನೀವು ಹೇಳಿದರೆ ಸಾಕು. ಮಗು ತಾನಾಗಿ, ಒಂದೇ ಅರ್ಥಕ್ಕೆ, ಪ್ರತಿಸಲವೂ ಒಂದೇ ಸದ್ದು ಬಳಸಿದರೆ ಅದನ್ನು ಪದವೆಂದು ಪುಸ್ತಕದಲ್ಲಿ ಬರೆದುಕೊಳ್ಳಿ. ನಾಯಿಗೆ "ಭೌಭೌ", ಹಸುವಿಗೆ "ಅಂಬಾ", ಊಟಕ್ಕೆ "ಮಮ್ಮು" ಎಲ್ಲವೂ ಪದಗಳೇ.

ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಏಳುತ್ತದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ತೋಟದ ಕೂಲಿಕಾರರ ಲೈನುಮನೆಗಳಲ್ಲಿ ತಮಿಳು, ಹೊರಗೆ ಕನ್ನಡ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಿ. ನಿಮಗೆ ಬಯ್ಯಲು, ಮುದ್ದಿಸಲು, ಕಥೆ ಹೇಳಲು ತಾನಾಗಿ ಬರುವ ಭಾಷೆ ಯಾವುದೋ ಅದನ್ನೇ ಮಾತಾಡಿ. ಶಾಲೆಗೆ ಸೇರಿಸುವಾಗ ಅನುಕೂಲವಾಗಲೆಂದು ಹರಕು ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎಂದು ಮೂರು ಪದಗಳಲ್ಲಿ ದಿನ ಕಳೆಯುವ ಮನೆಗಳು ಈಗ ಹೆಚ್ಚುತ್ತಿವೆ. ಅಲ್ಲಿ ಮಗುವಿಗೆ ಕನ್ನಡವೂ ಸಿಗುವುದಿಲ್ಲ, ಇಂಗ್ಲಿಷೂ ಸಿಗುವುದಿಲ್ಲ.

ಹಂತ 6: ಮಗುವಿನ ಮಾತಿಗೆ ಒಂದು ಮೆಟ್ಟಿಲು ಮಾತ್ರ ಕೂಡಿಸಿ

ಮಗು "ನಾಯಿ" ಎಂದರೆ ನೀವು "ನಾಯಿ ಓಡ್ತು" ಎನ್ನಿ. "ಹಾಲು ಬೇಕು" ಎಂದರೆ "ಬಿಸಿ ಹಾಲು ಬೇಕಾ?" ಎನ್ನಿ. ಮರುನುಡಿಸಬೇಕೆಂದು ಒತ್ತಾಯಿಸಬೇಡಿ. ಒಂದು ಪದ ಹೇಳುವ ಮಗುವಿಗೆ ಹತ್ತು ಪದದ ವಾಕ್ಯ ಕೊಟ್ಟರೆ ಅದು ಹಿಡಿತಕ್ಕೆ ಸಿಗುವುದಿಲ್ಲ.

ಪ್ರತ್ಯಯಗಳನ್ನು ಮಾತ್ರ ನುಂಗಬೇಡಿ. ಕನ್ನಡದಲ್ಲಿ ಅರ್ಥದ ಬಹುಪಾಲು ಪದದ ಬಾಲದಲ್ಲಿದೆ. "ಅಜ್ಜಿಗೆ ಕೊಡು", "ಡಬ್ಬಿಯಲ್ಲಿ ಹಾಕು", "ಅಪ್ಪನ ಚಪ್ಪಲಿ" ಎಂದು ಪೂರ್ತಿಯಾಗಿ, ಬಾಲವನ್ನು ಕೊಂಚ ಎಳೆದು ಹೇಳಿ. ಮಗು ಮೊದಮೊದಲು "ಅಜ್ಜಿ ಕೊಡು" ಎಂದೇ ಹೇಳುತ್ತದೆ, "ಗೆ" ಆಮೇಲೆ ಬಂದು ಕೂಡಿಕೊಳ್ಳುತ್ತದೆ.

ಪ್ರಶ್ನೆಗಳನ್ನು ಕಡಿಮೆ ಮಾಡಿ. "ಇದೇನು? ಅದೇನು? ಇದರ ಬಣ್ಣ ಯಾವುದು?" ಎಂದು ಸಾಲಾಗಿ ಕೇಳುವುದು ಮಗುವಿಗೆ ಪರೀಕ್ಷೆಯಾಗುತ್ತದೆ. ಒಂದು ಪ್ರಶ್ನೆ ಕೇಳಿದರೆ ಮೂರು ಮಾತು ನೀವಾಗಿ ಹೇಳಬೇಕೆಂಬುದು ಒಳ್ಳೆಯ ಅಂದಾಜು. ಕೇಳಲೇಬೇಕಾದರೆ ಆಯ್ಕೆ ಕೊಟ್ಟು ಕೇಳಿ: ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಾ "ಬಾಳೆಹಣ್ಣಾ, ರೊಟ್ಟಿನಾ?"

ಹಂತ 7: ಚಿತ್ರಪುಸ್ತಕ

ಪುಸ್ತಕವನ್ನು ಓದಬೇಕಾಗಿಲ್ಲ, ನೋಡಬೇಕು. ಮಗುವನ್ನು ತೊಡೆಯ ಮೇಲೆ ನಿಮಗೆ ಬೆನ್ನು ಮಾಡಿ ಕೂರಿಸುವ ಬದಲು ಎದುರಿಗೆ ಕೂರಿಸಿ, ಪುಸ್ತಕ ಮಧ್ಯದಲ್ಲಿರಲಿ, ಆಗ ನಿಮ್ಮ ಬಾಯಿಯ ಚಲನೆ ಅದಕ್ಕೆ ಕಾಣುತ್ತದೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿ. ಚಿತ್ರಪುಸ್ತಕ ಸಿಗದಿದ್ದರೆ ಮದುವೆಯ ಆಲ್ಬಮ್ಮೇ ಸಾಕು, ಅದರಲ್ಲಿ ಮಗುವಿಗೆ ಗೊತ್ತಿರುವ ಮುಖಗಳಿರುತ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಆದರೆ ಅವುಗಳನ್ನು ಮೊಬೈಲ್‌ನಲ್ಲಿ ತೋರಿಸದೆ ಮುದ್ರಿಸಿಕೊಳ್ಳಿ.

ದಿನದಲ್ಲಿ ಎಷ್ಟು ಹೊತ್ತು?

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ತೋಟಕ್ಕೆ ಹೋಗಿ ಸಂಜೆ ಮರಳುವ ತಾಯಿಗೆ ಪಾಠದ ವೇಳಾಪಟ್ಟಿ ಕೊಡುವುದರಲ್ಲಿ ಅರ್ಥವಿಲ್ಲ. ಸ್ನಾನ, ಊಟ, ಬಟ್ಟೆ ತೊಡಿಸುವುದು, ಮಲಗಿಸುವುದು ಹೇಗೂ ನಡೆಯುವ ಕೆಲಸಗಳು, ಈ ನಾಲ್ಕರಲ್ಲಿ ಎರಡನ್ನು ಆರಿಸಿಕೊಂಡು 4, 5 ಮತ್ತು 6ನೆಯ ಹಂತಗಳನ್ನು ಅಲ್ಲೇ ಮಾಡಿ. ಹಗಲು ಮಗುವನ್ನು ನೋಡಿಕೊಳ್ಳುವವರಿಗೂ ಅಂಗನವಾಡಿ ಕಾರ್ಯಕರ್ತೆಗೂ ಅದೇ ಹತ್ತು ಪದಗಳ ಪಟ್ಟಿಯನ್ನು ಬರೆದುಕೊಡಿ.

ಎಚ್ಚರಿಕೆಯ ಸೂಚನೆಗಳು

ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಮನೆಯ ಅಭ್ಯಾಸವನ್ನು ನಿಲ್ಲಿಸದೆ, ತಜ್ಞರನ್ನೂ ಕಾಣಬೇಕು.

ಆರೇಳು ತಿಂಗಳಾದರೂ ಸದ್ದಿಗೆ ತಿರುಗದಿರುವುದು. ಒಂಬತ್ತು, ಹತ್ತು ತಿಂಗಳಾದರೂ "ಬಬಬ", "ದದದ" ಎಂಬ ತೊದಲು ಇಲ್ಲದಿರುವುದು. ವರ್ಷ ತುಂಬಿದರೂ ಹೆಸರಿಗೆ ಓಗೊಡದಿರುವುದು, ಟಾಟಾ ಮಾಡದಿರುವುದು. ಹದಿನಾರರಿಂದ ಹದಿನೆಂಟು ತಿಂಗಳಾದರೂ ಒಂದೂ ಪದವಿಲ್ಲದಿರುವುದು, ಬೇಕಾದದ್ದನ್ನು ಬೆರಳಿನಿಂದ ತೋರಿಸದೆ ದೊಡ್ಡವರ ಕೈಯನ್ನೇ ಹಿಡಿದೆಳೆದು ಬಳಸುವುದು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಎಂಬಂತಹ ಎರಡು ಪದಗಳ ಜೋಡಣೆ ಇಲ್ಲದಿರುವುದು. ಮೂರು ವರ್ಷಕ್ಕೆ ಮಗುವಿನ ಮಾತು ಹೊರಗಿನವರಿಗೆ ಬಹುಪಾಲು ಅರ್ಥವಾಗದಿರುವುದು.

ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಪದಗಳು ಮಾಯವಾದರೆ ಅದು ಎಲ್ಲಕ್ಕಿಂತ ಗಂಭೀರ. "ದೃಷ್ಟಿ ತಾಗಿದೆ" ಎಂದು ತಿಂಗಳು ಕಳೆಯಬೇಡಿ.

ಎರಡರಿಂದ ಐದು ವರ್ಷದ ನಡುವೆ ಮಾತು ವೇಗವಾಗಿ ಬೆಳೆಯುವಾಗ "ನಾ ನಾ ನಾನು" ಎಂದು ತಡವರಿಸುವುದು ಸಾಮಾನ್ಯ. "ನಿಧಾನವಾಗಿ ಹೇಳು" ಎಂದು ಎಚ್ಚರಿಸದೆ ಪೂರ್ತಿ ಕೇಳಿಸಿಕೊಳ್ಳಿ. ಆರು ತಿಂಗಳು ಮೀರಿದರೆ, ಮುಖ ಬಿಗಿದುಕೊಂಡು ಸದ್ದೇ ಹೊರಡದಿದ್ದರೆ, ಅಥವಾ ಮನೆತನದಲ್ಲಿ ಉಗ್ಗು ಇದ್ದರೆ ಸ್ಪೀಚ್ ಥೆರಪಿಸ್ಟ್ ಬಳಿ ತೋರಿಸಿ.

"ಇವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು" ಎಂಬ ಸಮಾಧಾನ ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಕೆಲವು ಮಕ್ಕಳ ಮಟ್ಟಿಗೆ ಅದು ನಿಜವಾಗುವುದೂ ಉಂಟು. ಯಾವ ಮಗುವಿನ ಮಟ್ಟಿಗೆ ನಿಜವಾಗುತ್ತದೆಂದು ಮೊದಲೇ ಹೇಳಲಾಗದ ಕಾರಣಕ್ಕೇ ಪರೀಕ್ಷೆ ಮಾಡಿಸಬೇಕು. ಕಿವುಡುತನವೆಂದು ತಿಳಿದರೆ ಶ್ರವಣ ಸಾಧನವನ್ನಾಗಲಿ, ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟನ್ನಾಗಲಿ ಎಷ್ಟು ಬೇಗ ಹಾಕಿಸಿದರೆ ಅಷ್ಟು ಫಲ, ಸರ್ಕಾರಿ ನೆರವಿಗೂ ವಯೋಮಿತಿ ಇರುತ್ತದೆ.

ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂದಿದೆ. ಶ್ರವಣದೋಷ, ಭಾಷಾ ವಿಳಂಬ ಎರಡೂ ಅದರ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಅಂಗನವಾಡಿಯಲ್ಲಿ ಕೇಳಿಟ್ಟುಕೊಳ್ಳಿ, ದೂರವಿದ್ದರೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾಸ್ಪತ್ರೆಗೆ ಚೀಟಿ ಬರೆಸಿಕೊಂಡು ಹೋಗಿ.

ಪೂರ್ಣ ಪರೀಕ್ಷೆ, ಚಿಕಿತ್ಸೆ ಎರಡೂ ಒಂದೇ ಕಡೆ ಸಿಗುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಹಾಸನದಿಂದ ಅಲ್ಲಿಗೆ ಬಸ್ಸೂ ಇದೆ, ರೈಲೂ ಇದೆ. ಪರೀಕ್ಷೆಗಳಿಗೆ ಇಡೀ ದಿನ ಹಿಡಿಯಬಹುದಾದ್ದರಿಂದ ಚಿಕ್ಕಮಗಳೂರಿನ ಆಚೆಯವರು ಹಿಂದಿನ ರಾತ್ರಿಯೇ ಮೈಸೂರು ಸೇರುವುದು ಒಳ್ಳೆಯದು. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಬಿಡುಗಡೆ ಪತ್ರ, ಪದಗಳ ಪಟ್ಟಿಯಿರುವ ನೋಟ್‌ಪುಸ್ತಕ, ಮನೆಯಲ್ಲಿ ಮಗು ಆಡುತ್ತಿರುವಾಗ ತೆಗೆದ ಒಂದೆರಡು ನಿಮಿಷದ ವಿಡಿಯೊ ಇವಿಷ್ಟು ಜೊತೆಗಿರಲಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದಿದ್ದಾಗ ಆ ವಿಡಿಯೊ ಬಹಳ ಉಪಯೋಗಕ್ಕೆ ಬರುತ್ತದೆ. ಮಗುವಿಗೆ ಗಟ್ಟಿ ನೆಗಡಿಯಿದ್ದರೆ ಕಿವಿಯ ಕೆಲವು ಪರೀಕ್ಷೆಗಳ ಫಲಿತಾಂಶ ಸರಿಯಾಗಿ ಬರುವುದಿಲ್ಲ, ಅದನ್ನು ಮುಂಚಿತವಾಗಿ ತಿಳಿಸಿ.

ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಎಂಬ ಪರೀಕ್ಷೆಯನ್ನು ಎಳೆಯ ಮಕ್ಕಳಿಗೆ ಸಾಮಾನ್ಯವಾಗಿ ನಿದ್ದೆಯಲ್ಲಿರುವಾಗಲೇ ಮಾಡುತ್ತಾರೆ. ಬಸ್ಸಿನ ತೂಗಾಟಕ್ಕೆ ಮಗು ದಾರಿಯುದ್ದಕ್ಕೂ ಮಲಗಿ, ಅಲ್ಲಿ ತಲುಪಿದ ಮೇಲೆ ಕಣ್ಣರಳಿಸಿ ಕುಳಿತರೆ ಇನ್ನೊಂದು ದಿನ ಹೋಗಬೇಕಾಗುತ್ತದೆ. ಅಂದು ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ, ಪರೀಕ್ಷೆಗೆ ಕರೆದಾಗಲೇ ಹಾಲುಣಿಸಿ ಮಲಗಿಸಿ. ಚಿಕಿತ್ಸೆಯ ದಿನಾಂಕ ಕೆಲವು ವಾರ ದೂರ ಸಿಕ್ಕರೆ ಅಲ್ಲಿಯವರೆಗೆ 2ರಿಂದ 7ರವರೆಗಿನ ಹಂತಗಳನ್ನು ಮನೆಯಲ್ಲಿ ಮುಂದುವರಿಸಿ, ಹೊಸದಾಗಿ ಬಂದ ಪ್ರತಿಯೊಂದು ಪದವನ್ನೂ ಅದು ಬಂದ ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆಯುತ್ತಾ ಹೋಗಿ.